ಸಕ್ಕರೆ ಬಿಟ್ಟವಳ ಬ್ರೆಡ್ಡು

ನಮ್ಮ ಅತ್ತೆಯನ್ನು ಕಳ್ಳಿ ಅಂದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸಲೀಸು.

ಮನೆಯಲ್ಲಿ ನಾವು ನಾಲ್ಕು ಜನ. ಅತ್ತೆ ಚಕ್ರೇಶ್ವರಿ, ಮಾವ ನೇಮಿರಾಜಯ್ಯ, ನಮ್ಮವರು ಧನಂಜಯ್, ನಾನು ನೇಹಾ. ಮಗಳು ಮೂಡಬಿದಿರೆಯ ಹಾಸ್ಟೆಲಿನಲ್ಲಿದ್ದಾಳೆ. ಮಾವ ಶ್ರವಣಬೆಳಗೊಳದ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಚನ್ನರಾಯಪಟ್ಟಣಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ಪ್ರಾವಿಷನ್ ಸ್ಟೋರ್ ಹಾಕಿ ಇಪ್ಪತ್ತು ವರ್ಷವಾಯಿತು. ಈಗ ಅದನ್ನು ನಡೆಸುವವರು ನಮ್ಮವರು. ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ.

ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಕಳೆದ ಜೂನ್‌ನಲ್ಲಿ ಹಾಸನದ ಡಾಕ್ಟರು ರಿಪೋರ್ಟ್ ನೋಡಿ, "ಅನ್ನ ಕಡಿಮೆ ಮಾಡಿ, ಸಿಹಿ ಪೂರ್ತಿ ಬಿಡಿ, ಇಡೀ ಗೋಧಿ ತಿನ್ನಿ" ಅಂದರು. ಅತ್ತೆ ಅದನ್ನು ಕೇಳಿಕೊಂಡು ಬಂದವರು, ಚಾತುರ್ಮಾಸ ಶುರುವಾದ ದಿನ ಬೆಳಗೊಳಕ್ಕೆ ಹೋಗಿ ಅಲ್ಲಿ ತಂಗಿದ್ದ ನಮ್ಮ ಜೈನ ಸನ್ಯಾಸಿನಿ ಮಾತಾಜಿಯ ಮುಂದೆ ನೇಮ ತೆಗೆದುಕೊಂಡು ಬಂದರು. ದೀಪಾವಳಿಯವರೆಗೆ ಸಕ್ಕರೆ, ಬೆಲ್ಲ ಯಾವ ರೂಪದಲ್ಲೂ ಬಾಯಿಗೆ ಹಾಕುವುದಿಲ್ಲ ಅಂತ.

"ಡಾಕ್ಟ್ರು ಸಾಕಾಗಿರ್ಲಿಲ್ವಾ ಅತ್ತೆ?" ಅಂದೆ.

"ಡಾಕ್ಟ್ರು ಹೇಳಿದ್ದು ಬಸ್ ಇಳಿಯೋದ್ರೊಳಗೆ ಮರ್ತೋಗುತ್ತೆ ಕಣೇ. ಮಾತಾಜಿ ಮುಂದೆ ಕೈ ಮುಗಿದು ಹೇಳಿದ್ದು ಸಾಯೋವರೆಗೂ ಮರೆಯಲ್ಲ," ಅಂದರು.

ಸಿಹಿ ಬಿಡುವುದು ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ನನಗೆ, ಗೋಧಿಯಿಂದ. ನಮ್ಮಲ್ಲಿ ಹಿಟ್ಟಿಗೆ ಮರ್ಯಾದೆ ಅಂತ ಇದೆ, ಅಂದರೆ ವಾಯಿದೆ. ಮಳೆಗಾಲದಲ್ಲಿ ಬೀಸಿದ ಹಿಟ್ಟಿಗೆ ಮೂರೇ ದಿನ. ನಾಲ್ಕನೇ ದಿನ ಅದರಲ್ಲಿ ಜೀವ ಹುಟ್ಟಿರುತ್ತದೆ ಅಂತ ಅತ್ತೆ ಮುಟ್ಟುವುದಿಲ್ಲ. ಮೊದಲು ಚಪಾತಿ ವಾರಕ್ಕೊಂದು ದಿನ, ನಡೆದುಹೋಗುತ್ತಿತ್ತು. ಈಗ ಎರಡು ಹೊತ್ತೂ ಗೋಧಿ. ಮೂರು ದಿನಕ್ಕೊಮ್ಮೆ ಎರಡು ಕೆಜಿ ಗೋಧಿ ಚೀಲ ಹಿಡಿದು, ಜಡಿಮಳೆಯಲ್ಲಿ ರುದ್ರೇಶನ ಹಿಟ್ಟಿನ ಮಿಲ್ಲಿಗೆ ಹೋಗುವವಳು ನಾನು.

"ಅಕ್ಕಾ, ಎಲ್ರೂ ಹತ್ತು ಕೆಜಿ ತಂದು ತಿಂಗ್ಳು ನೆಮ್ಮದಿಯಾಗಿರ್ತಾರೆ. ನೀವೊಬ್ರು ಮಾತ್ರ ಮಿಲ್ಲಿಗೆ ಹಾಜ್ರಿ ಹಾಕಕ್ ಬತ್ತೀರ ಕಣಕ್ಕ," ಅಂತ ರುದ್ರೇಶ ನಗುತ್ತಿದ್ದ.

ಮನೆಗೆ ಬರುವಷ್ಟರಲ್ಲಿ ಐದು ಗಂಟೆ. ಅತ್ತೆ, ಮಾವ ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಆರೂವರೆಯೊಳಗೆ ಹಿಟ್ಟು ಕಲಸಿ, ಲಟ್ಟಿಸಿ, ಬೇಯಿಸಿ ಬಡಿಸಬೇಕು. ಒಂದು ದಿನ ಚಪಾತಿ ಮಣೆ ಕುಕ್ಕಿದೆ. "ನನ್ನ ಕೈಲಾಗಲ್ಲ. ನಾನೂ ಮನುಷ್ಯಳೇ," ಅಂದೆ. ಅತ್ತೆ ಮಣೆ ಎತ್ತಿಟ್ಟರು. ಮಾವ ಪೇಪರಿನ ಹಿಂದೆ ಸೇರಿಕೊಂಡರು.

ಮಾರನೇ ದಿನ ನಮ್ಮವರು ಅಂಗಡಿಯಿಂದ ಒಂದು ಬ್ರೌನ್ ಬ್ರೆಡ್ಡು, ಎರಡು ಪೊಟ್ಟಣ ಬಹುಧಾನ್ಯ ಪಾಸ್ತಾ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು. ಕಂಪನಿ ಹೆಸರು ಬೇಡ, ಹೇಳಿದರೆ ನನ್ನ ಬಾಯಿ ಕೆಡುತ್ತದೆ. ಪೊಟ್ಟಣದ ಮೇಲೆ ತೆನೆ ತೂಗುವ ಗೋಧಿ ಹೊಲ, 'ಇಡೀ ಧಾನ್ಯದ ಒಳ್ಳೆಯತನ' ಅಂತ ದಪ್ಪ ಅಕ್ಷರ. ಆ ಕಂಪನಿಯ ಏಜೆನ್ಸಿಯನ್ನು ಇವರು ಆಗಷ್ಟೇ ಹಿಡಿದಿದ್ದರು. ದಂಡಿಗನಹಳ್ಳಿ, ಹೊಳೆನರಸೀಪುರ ರಸ್ತೆಯ ಅಂಗಡಿಗಳಿಗೆಲ್ಲ ಬೆಳಿಗ್ಗೆ ಇವರ ಆಟೋದಲ್ಲೇ ಬ್ರೆಡ್ಡು ಹೋಗುತ್ತಿತ್ತು.

"ಬೆಳಿಗ್ಗೆ ನಾಲ್ಕು ಸ್ಲೈಸ್ ಬ್ರೆಡ್ಡು, ಸಾಯಂಕಾಲ ಪಾಸ್ತಾ. ಇಡೀ ಗೋಧಿ. ನಿಂಗೂ ಮಿಲ್ಲಿನ ಕಾಟ ತಪ್ಪುತ್ತೆ," ಅಂದರು ನನಗೆ.

ಅತ್ತೆ ಪೊಟ್ಟಣ ತಿರುಗಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬಾರದು. "ಅಂಗಡಿ ಬ್ರೆಡ್ಡು ನಾನು ತಿಂದೋಳಲ್ಲ. ಯಾವತ್ತು ಬೀಸಿದ ಹಿಟ್ಟೋ ಏನೋ," ಅಂದರು. ಆಮೇಲೆ ನನ್ನ ಕಡೆ ನೋಡಿ, "ಇರ್ಲಿ ಬಿಡು. ಈ ಹುಡುಗಿ ಮಳೇಲಿ ನೆನೆಯೋದು ತಪ್ಪುತ್ತಲ್ಲ. ಸಕ್ಕರೆ ಇಲ್ಲ ತಾನೇ ಧನು ಇದರಲ್ಲಿ?" ಅಂತ ಕೇಳಿದರು.

"ಬ್ರೌನ್ ಬ್ರೆಡ್ಡಮ್ಮ. ಶುಗರ್‌ನವರು ತಿನ್ನೋಕೇ ಅಂತ ಮಾಡಿರೋದು."

ಆ ಉತ್ತರದಲ್ಲಿ ಇಲ್ಲ ಅನ್ನುವ ಮಾತೇ ಇರಲಿಲ್ಲ ಅಂತ ನನಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ಅತ್ತೆ ನನಗೋಸ್ಕರ ನಲವತ್ತು ವರ್ಷದ ಹಿಟ್ಟಿನ ಮರ್ಯಾದೆ ಬಿಟ್ಟರು. ನಾನು ನೆಮ್ಮದಿಯಾಗಿ ಟೋಸ್ಟ್ ಮಾಡಿದೆ, ಹುರುಳಿಕಾಯಿ, ಟೊಮೇಟೊ ಹಾಕಿ ಪಾಸ್ತಾ ಬೇಯಿಸಿದೆ. ರುಚಿಯಾಗಿಯೇ ಇತ್ತು. ಬ್ರೆಡ್ಡು ಎಷ್ಟು ಮೆತ್ತಗಿತ್ತೆಂದರೆ ಮಾವ ಹಲ್ಲಿನ ಸೆಟ್ ಹಾಕಿಕೊಳ್ಳದೆ ತಿನ್ನುತ್ತಿದ್ದರು.

ಒಂದು ತಿಂಗಳಾದ ಮೇಲೆ ಲ್ಯಾಬಿಗೆ ಹೋದೆವು. ಖಾಲಿ ಹೊಟ್ಟೆಯಲ್ಲಿ ನೂರ ಅರವತ್ತೆಂಟು ಇದ್ದದ್ದು ಇನ್ನೂರ ಹದಿನಾಲ್ಕು ಆಗಿತ್ತು.

"ಅಮ್ಮ, ಏನಾದ್ರೂ ತಿಂದ್ಯಾ?" ಅಂದರು ಇವರು, ಮನೆಗೆ ಬಂದ ಮೇಲೆ.

"ನೀವು ಕೊಟ್ಟಿದ್ದೇ ತಿಂದೆ."

"ಯಾರಾದ್ರೂ ಮನೆಗೆ ಕರೆದಿದ್ರಾ? ಹೋಳಿಗೆ, ಪಾಯಸ?"

"ನಾನು ನೇಮದಲ್ಲಿದೀನಿ ಕಣೋ."

"ಅದಕ್ಕೇ ಕೇಳಿದ್ದು."

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮಾವ ಮೆಲ್ಲಗೆ, "ವಯಸ್ಸಾಯ್ತಲ್ಲ, ಮರ್ತು ತಿಂದಿರ್ತಾಳೆ," ಅಂದರು. ನಲವತ್ತೈದು ವರ್ಷ ಜೊತೆಗೆ ಬಾಳಿದ ಗಂಡನ ಮಾತು ಇದು. ನಾನಾದರೂ ಏನು ಕಡಿಮೆ? ಅವತ್ತಿನಿಂದ ಬೆಲ್ಲದ ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟೆ. ಡಬ್ಬಿಯಲ್ಲಿ ಎಷ್ಟು ಅಚ್ಚು ಇದೆ ಅಂತ ದಿನಾ ನೋಡುತ್ತಿದ್ದೆ. ಅತ್ತೆ ಅದನ್ನು ಕಂಡರು.

ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು, ಮನೆಯಲ್ಲೇ ಬೆರಳು ಚುಚ್ಚಿ ನೋಡುವ ಮಿಷನ್ ಕೊಡಿಸಿದರು. ದಿನಾ ಬೆಳಿಗ್ಗೆ ನಾನು ನೋಡಿ ಹಳೆಯ ಡೈರಿಯಲ್ಲಿ ಬರೆಯುತ್ತಿದ್ದೆ. ಅಷ್ಟರಲ್ಲಿ ಭಾದ್ರಪದ ಬಂತು, ದಶಲಕ್ಷಣ ಪರ್ವ. ಆ ಹತ್ತು ದಿನ ಅತ್ತೆಗೆ ಒಂದೇ ಹೊತ್ತು ಊಟ, ಅಂಗಡಿಯ ಪದಾರ್ಥ ಯಾವುದೂ ಸೇರದು. ನಾನು ಮತ್ತೆ ರುದ್ರೇಶನ ಮಿಲ್ಲಿಗೆ ಹಾಜರಿ ಹಾಕಿದೆ. ಹತ್ತನೇ ದಿನ ಮಿಷನ್ನು ನೂರ ಇಪ್ಪತ್ತನಾಲ್ಕು ತೋರಿಸಿತು. ಎಲ್ಲರಿಗೂ ಸಂತೋಷ. ಪರ್ವ ಮುಗಿಯಿತು, ಬ್ರೆಡ್ಡು ಪಾಸ್ತಾ ವಾಪಸ್ಸು ಬಂದವು. ಎರಡು ವಾರದಲ್ಲಿ ಇನ್ನೂರ ಇಪ್ಪತ್ತೊಂದು.

ಇವರು ಡೈರಿಯನ್ನು ಊಟದ ತಟ್ಟೆಯ ಪಕ್ಕ ಬಿಸಾಡಿದರು.

"ನೋಡಮ್ಮ. ಪರ್ವದಲ್ಲಿ ಬಾಯಿ ಕಟ್ಟಿದ್ದೆ, ಇಳೀತು. ಪರ್ವ ಮುಗೀತು, ಏರ್ತು. ಇನ್ನೇನು ಸಾಕ್ಷಿ ಬೇಕು?"

"ನಾನು ಸಕ್ಕರೆ ಮುಟ್ಟಿಲ್ಲ ಧನು."

"ಹಂಗಾದ್ರೆ ಇದು ಗಾಳೀಲಿ ಬಂತಾ? ಸುಳ್ಳು ಹೇಳ್ಬೇಡ. ತಿಂದ್ರೆ ತಿಂದೆ ಅನ್ನು. ಮಾತಾಜಿ ಹತ್ರ ನೇಮ ತಗೊಂಡು ಹಿಂಗೆ ಕದ್ದು ತಿನ್ನೋದಕ್ಕಿಂತ ತಗೊಳ್ದೇ ಇದ್ರೆ ಆಗ್ತಿರ್ಲಿಲ್ವಾ?"

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಸಕ್ಕರೆ ಏರಿದ್ದು ಅವರಿಗೆ ದೊಡ್ಡದಾಗಿರಲಿಲ್ಲ. ಬೆಳಗೊಳದ ನಮ್ಮ ಜನ ನೇಮ ಮುರಿದವರ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತ ಅವರಿಗೆ ಗೊತ್ತು. ಹೆತ್ತ ಮಗನೇ ಹಾಗೆ ಅಂದಮೇಲೆ ಹೊರಗಿನವರನ್ನು ಹೇಗೆ ತಡೆಯುವುದು?

ಅಷ್ಟಕ್ಕೇ ಮುಗಿಯಲಿಲ್ಲ. ಇವರು ಎದ್ದು ಅತ್ತೆಯ ಕೋಣೆಗೆ ಹೋಗಿ ಟ್ರಂಕ್ ಎಳೆದರು. "ನೇಹಾ, ಮುಚ್ಚಳ ಹಿಡಿ," ಅಂದರು. ನಾನು ಹಿಡಿದೆ. ಧಾರೆ ಸೀರೆ ತೆಗೆದರು, ಅತ್ತೆಯ ತಾಯಿಯ ಫೋಟೊ ತೆಗೆದರು, ತಳದಲ್ಲಿದ್ದ ಒಂದು ತಗಡಿನ ಡಬ್ಬಿಯ ಮುಚ್ಚಳ ಬಿಚ್ಚಿದರು. ಒಳಗೆ ಒಣಕೊಬ್ಬರಿ, ಲವಂಗ.

"ಅದು ಪೂಜೆದು," ಅಂದರು ಅತ್ತೆ ಬಾಗಿಲಲ್ಲಿ ನಿಂತು. "ಕೈ ತೊಳೆದು ಮುಟ್ಟಬೇಕಿತ್ತು ಮಗ."

ಸೀರೆಗಳನ್ನು ಮತ್ತೆ ಮಡಿಸಿಟ್ಟವಳು ನಾನು. ಮಡಿಸುವಾಗ ಅತ್ತೆಯ ಮುಖ ನೋಡಲು ಆಗಲಿಲ್ಲ. ಅಷ್ಟು ಹುಡುಕಿದರೂ ಏನೂ ಸಿಗಲಿಲ್ಲವಲ್ಲ ಅಂತ ಆಗ ನನ್ನ ತಲೆ ಕೆಲಸ ಮಾಡಲು ಶುರು ಮಾಡಿತು. ಡೈರಿ ತೆಗೆದು ನೋಡಿದೆ. ಪರ್ವದಲ್ಲಿ ಅತ್ತೆ ಬಿಟ್ಟದ್ದು ಸಿಹಿಯನ್ನಲ್ಲ, ಸಿಹಿ ಮೊದಲೇ ಬಿಟ್ಟಾಗಿತ್ತು. ಬಿಟ್ಟದ್ದು ಇವರು ತಂದ ಬ್ರೆಡ್ಡನ್ನು, ಪಾಸ್ತಾವನ್ನು.

ಮಾರನೇ ದಿನ ಖಾಲಿ ಪೊಟ್ಟಣಗಳನ್ನು ಬ್ಯಾಗಿಗೆ ಹಾಕಿಕೊಂಡು ಸ್ಟಾಫ್ ರೂಮಿಗೆ ಹೋದೆ. ಹಿಂಬದಿಯ ಅಕ್ಷರ ಇರುವೆ ಕಾಲಿನಷ್ಟು. ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕಾಯಿತು. ಪಕ್ಕದಲ್ಲಿ ವಿಜ್ಞಾನದ ಮೇಡಂ ರೂಪಶ್ರೀ ಕೂತಿದ್ದರು.

"ಮೊದ್ಲು ಯಾವುದ್ರ ಹೆಸರಿದೆಯೋ ಅದೇ ಎಲ್ಲಕ್ಕಿಂತ ಜಾಸ್ತಿ ಇರೋದು ಮೇಡಂ. ಮುಂದಿನ ಚಿತ್ರ ಬಿಡಿ, ಹಿಂದೆ ಓದಿ," ಅಂದರು.

ಓದಿದೆ. ಬ್ರೆಡ್ಡಿನಲ್ಲಿ ಮೊದಲ ಹೆಸರು ರಿಫೈನ್ಡ್ ವೀಟ್ ಫ್ಲೋರ್.

"ಅಂದ್ರೆ?"

"ಅಂದ್ರೆ ಮೈದಾ. ಮೈದಾ ಅಂತ ಬರೆದ್ರೆ ಯಾರು ತಗೋತಾರೆ?"

ಇಡೀ ಗೋಧಿ ಹಿಟ್ಟು ಹನ್ನೆರಡು ಪರ್ಸೆಂಟು. ಅದರ ಹಿಂದೆಯೇ ಸಕ್ಕರೆ. ಕೊನೆಗೆ ಕ್ಯಾರಮೆಲ್ ಬಣ್ಣ. ನಾವು ಗೋಧಿ ಅಂದುಕೊಂಡಿದ್ದ ಕಂದು ಅದು. ಪಾಸ್ತಾದ ಕಥೆಯೂ ಅದೇ: ಮೊದಲು ರವೆ, ಆಮೇಲೆ ಮೈದಾ, ಚಿತ್ರದಲ್ಲಿ ಮೆರೆಯುವ ರಾಗಿ ಮೂರು ಪರ್ಸೆಂಟು, ಜೋಳ ಎರಡು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಮಕ್ಕಳಿಗೆ ವರ್ಷಾ ವರ್ಷಾ ಗಾದೆ ಪಾಠ ಮಾಡುವವಳು ನಾನು. ಕಂದು ಬಣ್ಣದ್ದೆಲ್ಲ ಗೋಧಿಯಲ್ಲ ಅಂತ ನನಗೇ ಗೊತ್ತಾಗಲಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು, ನನಗೆ ಬರುತ್ತಿತ್ತು. ಓದಲಿಲ್ಲ ಅಷ್ಟೇ.

ಶಾಲೆಯಿಂದ ನೇರ ಅಂಗಡಿಗೆ ಹೋದೆ. ಕಪಾಟಿನಲ್ಲಿದ್ದ ಒಂದೊಂದೇ ಪೊಟ್ಟಣ ತಿರುಗಿಸಿ ಓದುತ್ತಾ ಬಂದೆ. ಆರು ತರದ ಬ್ರೌನ್, ಮಲ್ಟಿಗ್ರೇನ್, ಆಟಾ ಬ್ರೆಡ್ಡು. ಐದರಲ್ಲಿ ಮೈದಾವೇ ಮೊದಲು. ಒಂದರಲ್ಲಿ ಮಾತ್ರ ಇಡೀ ಗೋಧಿ ಹಿಟ್ಟು ಮೊದಲಿತ್ತು, ಮೈದಾ ಇರಲಿಲ್ಲ. ಅದು ಬಣ್ಣದಲ್ಲಿ ಉಳಿದವಕ್ಕಿಂತ ತೆಳು, ಕೈಯಲ್ಲಿ ಹಿಡಿದರೆ ಭಾರ, ಒತ್ತಿದರೆ ಮೆತ್ತಗಿಲ್ಲ. ಅದರಲ್ಲೂ ಒಂದು ಚೂರು ಸಕ್ಕರೆ ಇತ್ತು. ಪಾಸ್ತಾ ನಾಲ್ಕರಲ್ಲಿ ಒಂದು ಮಾತ್ರ ಪೂರ್ತಿ ಇಡೀ ಗೋಧಿಯದು, ಧೂಳು ಹಿಡಿದು ಮೂಲೆಯಲ್ಲಿತ್ತು.

"ಏನ್ ನೋಡ್ತಿದೀಯ?" ಅಂದರು ಇವರು.

"ನಿಮ್ಮ ಬ್ರೆಡ್ಡಲ್ಲಿ ಸಕ್ಕರೆ ಇದೆ. ಮೂರು ತಿಂಗಳಿಂದ ಅತ್ತೆಗೆ ಎರಡು ಹೊತ್ತೂ ಮೈದಾ ತಿನ್ಸಿದೀವಿ."

ನಾನು ದನಿ ಏರಿಸಿರಲಿಲ್ಲ. ಇವರೇ ಏರಿಸಿದರು. "ನಾನೇನು ಬ್ರೆಡ್ಡು ಬೇಯಿಸ್ತೀನಾ? ಏಜೆಂಟ್ ಹೇಳಿದ, ನಂಬಿದೆ. ಊರಿಗೆಲ್ಲ ಇದೇ ಮಾರ್ತಾರೆ. ನನ್ನ ಅಂಗಡೀಲಿ ನಿಂತು ನನ್ನನ್ನೇ ವಿಚಾರಣೆ ಮಾಡ್ತೀಯಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

"ಅತ್ತೆಗೆ ಹೇಳ್ಬೇಕು," ಅಂದೆ.

"ಬೇಡ. ನೇಮ ಮುರೀತು ಅಂತ ನೊಂದ್ಕೋತಾಳೆ. ಬ್ರೆಡ್ಡು ನಿಲ್ಸು, ಸಾಕು."

"ಕಳ್ಳಿ ಅಂತ ಅನ್ನಿಸ್ಕೊಂಡು ನೊಂದಿದ್ದು ಸಾಲ್ದಾ ಅವ್ರು?"

ಅವತ್ತೇ ಸಂಜೆ ಹೇಳಿದೆ. ಅಡುಗೆಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕ ಕೂತು, ಪೊಟ್ಟಣ ತೋರಿಸಿ, ಒಂದೊಂದೇ ಪದ ಕನ್ನಡದಲ್ಲಿ ಓದಿ ಹೇಳಿದೆ. ಸಕ್ಕರೆ ಅಂದಾಗ ಅವರ ಕೈ ನಿಂತಿತು.

"ಮೊದಲ ದಿನದಿಂದಲೂ ಇತ್ತಾ?"

"ಮೊದಲ ದಿನದಿಂದಲೂ ಅತ್ತೆ."

"ನಾನು ಸುಳ್ಳು ಹೇಳಿಲ್ಲ ಅಂತ ಆಯ್ತು. ಆದ್ರೆ ನೇಮ ಮುರಿದಿದ್ದು ನಿಜವೇ," ಅಂದರು. ಆಮೇಲೆ ಅತ್ತರು. ಮದುವೆಯಾಗಿ ಬಂದು ಹದಿನಾರು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಕಾಲು ಹಿಡಿದುಕೊಂಡು, "ತಪ್ಪಾಯ್ತು ಅತ್ತೆ, ಟ್ರಂಕ್ ಮುಚ್ಚಳ ಹಿಡಿದೆ," ಅಂದೆ. "ಬೆಲ್ಲದ ಅಚ್ಚು ನೀನು ಎಣಿಸ್ತಿದ್ದೆಯಲ್ಲ, ಅದು ಜಾಸ್ತಿ ನೋವಾಗಿತ್ತು ಕಣೇ," ಅಂದರು. ಅಷ್ಟೇ, ಮತ್ತೆಂದೂ ಅದರ ಮಾತೆತ್ತಲಿಲ್ಲ.

ಮಾವ ಎಲ್ಲ ಕೇಳಿಸಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. "ಚಕ್ರೂ," ಅಂದರು. "ನೀವು ಪೇಪರ್ ಓದಿ ಹೋಗಿ," ಅಂದರು ಅತ್ತೆ.

ಮರುದಿನ ಬೆಳಗೊಳಕ್ಕೆ ನಾನೇ ಕರೆದುಕೊಂಡು ಹೋದೆ. ಅತ್ತೆ ಮಾತಾಜಿಯ ಮುಂದೆ ಮಗನ ಹೆಸರು ಎತ್ತಲೇ ಇಲ್ಲ. "ನೋಡದೆ ತಿಂದೆ, ನನ್ನ ತಪ್ಪು," ಅಂದರು. ಕಾಯಿಲೆಯವರು ಅಂತ ಮಾತಾಜಿ ಉಪವಾಸ ಕೊಡಲಿಲ್ಲ, ಜಪ ಮಾಡಲು ಹೇಳಿ, ನೇಮವನ್ನು ಮೊದಲಿಂದ ಹಿಡಿಯಿರಿ ಅಂದರು. ಬಸ್ಸಿನಲ್ಲಿ ಬರುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೋಸ ಮಾಡಿದವರು ಗೋಧಿ ಹೊಲದ ಚಿತ್ರ ಅಚ್ಚು ಹಾಕಿಸಿಕೊಂಡು ಸುಖವಾಗಿದ್ದಾರೆ, ಜಪ ಮಾಡಬೇಕಾದವರು ನಮ್ಮ ಅತ್ತೆ.

ಇವರು ಒಂದು ಸಲವೂ ತಪ್ಪಾಯಿತು ಅನ್ನಲಿಲ್ಲ. ಬದಲಿಗೆ ಶನಿವಾರ ಸಂಜೆ ಊಟಕ್ಕೆ ಕೂತಾಗ ಹೇಳಿದರು, "ಅಮ್ಮ, ನಾಳೆ ನಂಗೆ ಅರಕಲಗೂಡಿಗೆ ಹೋಗೋದಿದೆ. ಮಧ್ಯಾಹ್ನದ ತನಕ ನೀನು ಗಲ್ಲಾದಲ್ಲಿ ಕೂತಿರು. ಯಾರಾದ್ರೂ ಬ್ರೆಡ್ಡು ಕೇಳಿದ್ರೆ, ನೀನೂ ಅದೇ ತಿಂತೀಯಾ ಅಂದ್ರೆ, ಹೂಂ ಅಂದ್ಬಿಡು. ನಾನು ಎಲ್ರಿಗೂ ಹಂಗೇ ಹೇಳಿದೀನಿ. ತಗೊಂಡಿರೋ ಮಾಲು ಖಾಲಿಯಾಗ್ಲಿ, ಆಮೇಲೆ ಏಜೆನ್ಸಿ ಬಿಡ್ತೀನಿ."

ನನಗೆ ಕೇಳಿದ್ದು ನಿಜವೋ ಅನ್ನಿಸಿತು. ಸುಳ್ಳಿ ಅಂತ ತಾಯಿಯ ಟ್ರಂಕ್ ಜಾಲಾಡಿದ ಮಗ, ಈಗ ಅದೇ ತಾಯಿಗೆ ಒಂದು ಸುಳ್ಳು ಹೇಳು ಅನ್ನುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಕೂತ್ಕೋತೀನಿ," ಅಂದರು.

ಭಾನುವಾರ ಹನ್ನೆರಡಕ್ಕೆ ನಾನು ಬುತ್ತಿ ತೆಗೆದುಕೊಂಡು ಹೋದೆ. ಇವರು ಆಗತಾನೇ ಅರಕಲಗೂಡಿನಿಂದ ಬಂದು ಬೈಕ್ ನಿಲ್ಲಿಸುತ್ತಿದ್ದರು. ಅತ್ತೆ ಗಲ್ಲಾದಲ್ಲಿ ಕೂತಿದ್ದರು. ಮುಂದೆ ನಂಜಯ್ಯ ನಿಂತಿದ್ದ, ದಂಡಿಗನಹಳ್ಳಿ ಕಡೆಯ ರೈತ, ವಾರಕ್ಕೆರಡು ಸಲ ಬರುವ ಹಳೆಯ ಗಿರಾಕಿ. ಕೈಯಲ್ಲಿ ಎರಡು ಬ್ರೌನ್ ಬ್ರೆಡ್ಡು ಹಿಡಿದಿದ್ದ.

"ಏನವ್ವಾರೆ, ಚೆಂದಾಗಿದ್ದೀರಾ? ನೀವೂ ಇದ್ನೇ ತಿನ್ನಾದಂತಲ್ಲ, ನಿಮ್ ಮಗ ಏಳ್ತಿದ್ರು."

ಇವರು ಒಳಗೆ ಬಂದು ತಾಯಿಯ ಪಕ್ಕ ನಿಂತರು. ಅತ್ತೆ, "ಯಾರಿಗೆ ನಂಜಯ್ಯ ಬ್ರೆಡ್ಡು?" ಅಂದರು.

"ನನ್ ಎಂಡ್ರಿಗೆ ಕಣವ್ವ. ಸಕ್ರೆ ಕಾಯ್ಲೆ. ಕಾಲಲ್ಲೊಂದು ಗಾಯ ಆಗಿ ಎಲ್ಡು ತಿಂಗ್ಳಾತು, ಮಾಯ್ತಾನೇ ಇಲ್ಲ. ಮುದ್ದೆ ಬುಡ್ಸಿ ಮೂರೊತ್ತೂ ಇದ್ನೇ ಆಕ್ತಾ ಇವ್ನಿ. ಅವ್ವಾರೇ ತಿಂತಾರೆ ಅಂದ್ಮ್ಯಾಕೆ ಒಳ್ಳೇದೇ ಇರ್ಬೇಕು ಅಂತ. ಆದ್ರೂ ಸಕ್ರೆ ಇಳೀತಿಲ್ಲ." ಅವನು ದನಿ ತಗ್ಗಿಸಿದ. "ಅವ್ಳು ಕದ್ದು ಏನೋ ತಿಂತಾವ್ಳೆ ಕಣವ್ವ. ಕೇಳುದ್ರೆ ಇಲ್ಲ ಅಂತಾಳೆ. ಸುಳ್ಳು ಬ್ಯಾರೆ. ಮೊನ್ನೆ ರೇಗೋಗಿ ಎಲ್ಡು ಬಾರ್ಸೇಬುಟ್ಟೆ."

ನನ್ನ ಕೈಯಲ್ಲಿದ್ದ ಬುತ್ತಿಯನ್ನು ಅಕ್ಕಿ ಮೂಟೆಯ ಮೇಲಿಟ್ಟೆ. ಇವರು, "ಆಯ್ತು ನಂಜಯ್ಯ, ಎಪ್ಪತ್ತು ಕೊಡು, ಬಸ್ಸಿಗೆ ಹೊತ್ತಾಗುತ್ತೆ," ಅಂತ ಅವಸರ ಮಾಡಿದರು.

ಅತ್ತೆ ಎದ್ದು ನಿಂತು, ಕೈ ಚಾಚಿ ನಂಜಯ್ಯನ ಕೈಯಿಂದ ಎರಡೂ ಬ್ರೆಡ್ಡು ತೆಗೆದುಕೊಂಡರು.

"ನಿನ್ನ ಹೆಂಡ್ತಿ ಏನೂ ಕದ್ದು ತಿಂದಿಲ್ಲ ನಂಜಯ್ಯ. ಕದ್ದು ತಿನ್ನಿಸಿದೋರು ನಾವು. ಇದು ಗೋಧಿ ಅಲ್ಲ, ಮೈದಾ. ಒಳಗೆ ಸಕ್ಕರೆ ಇದೆ, ಮೇಲೆ ಬಣ್ಣ ಇದೆ. ನಾನೂ ತಿಂದೆ, ನಂಗೂ ಏರ್ತು. ನನ್ನನ್ನೂ ಸುಳ್ಳಿ ಅಂದ್ರು."

"ಅಮ್ಮ," ಅಂದರು ಇವರು.

"ಮನೆಗೆ ಹೋಗಿ ಅವಳಿಗೆ ಹೇಳು. ಅಂಗಡಿ ಚಕ್ರೇಶ್ವರಮ್ಮ ಹೇಳಿದ್ಲು, ನೀನು ಸುಳ್ಳು ಹೇಳಿಲ್ಲ ಅಂತ. ನಾಳೆನೇ ಹಾಸನಕ್ಕೆ ಕರ್ಕೊಂಡು ಹೋಗಿ ಆ ಕಾಲು ತೋರ್ಸು, ತಡ ಮಾಡ್ಬೇಡ."

ನಂಜಯ್ಯ ಅತ್ತೆಯ ಕೈಯಲ್ಲಿದ್ದ ಬ್ರೆಡ್ಡು ನೋಡಿದ. "ಅವ್ಳಿಗೆ ಒಡ್ದುಬುಟ್ನಲ್ಲವ್ವ," ಅಂದ. ಮತ್ತೆ ಅದನ್ನೇ ಅಂದ. ಎಣ್ಣೆಗೆ ನಿಂತಿದ್ದ ಇಬ್ಬರು ಹೆಂಗಸರು ಅವನನ್ನು, ಅತ್ತೆಯನ್ನು ನೋಡುತ್ತಾ ನಿಂತರು. ಕೊನೆಗೆ ನಂಜಯ್ಯ ಇವರ ಕಡೆ ತಿರುಗಿದ.

"ಸಾ, ನಿಮ್ಗೆ ಗೊತ್ತಿತ್ತಾ ಇದು?"

ಏಜೆಂಟ್ ಹೇಳಿದ, ನಂಬಿದೆ. ಆ ಮಾತು ಬರುತ್ತದೆ ಅಂತ ನಾನು ಕಾದೆ. ಇವರು ತಾಯಿಯ ಮುಖ ನೋಡಿದರು. ಅತ್ತೆ ಎರಡೂ ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ಮಗನನ್ನೇ ನೋಡುತ್ತಿದ್ದರು.

"ಗೊತ್ತಿತ್ತು," ಅಂದರು ಇವರು. "ಮೊದ್ಲಿಂದ್ಲೂ ಗೊತ್ತಿತ್ತು."